ಬಸ್ಸಿನ ಮೂತಿಗೆ ಸಿಕ್ಕ ಚಿಟ್ಟೆಗಳು

ಕಣ್ಣಿನ ಡಾಕ್ಟರ ಮೇಜಿನ ಮೇಲೆ ಒಂದು ಪುಸ್ತಕವಿತ್ತು. ಅದರಲ್ಲಿ ಕಥೆಯಿಲ್ಲ, ಪಾಠವಿಲ್ಲ, ಪುಟ ತೆರೆದರೆ ಬರೀ ಚುಕ್ಕಿ. ರಾಗಿ ಚೆಲ್ಲಿದ ಹಾಗೆ ದಪ್ಪ ಚುಕ್ಕಿ, ಸಣ್ಣ ಚುಕ್ಕಿ, ಹಸಿರು, ಕೆಂಪು, ಕಂದು. ಆ ಚುಕ್ಕಿಗಳ ನಡುವೆ ಒಂದು ಅಂಕಿ ಅಡಗಿ ಕೂತಿತ್ತು. ನಾನು ಓದಿರುವುದು ಮೂರನೇ ಕ್ಲಾಸು. ಆದರೂ ಹಿಂದಿನ ಕುರ್ಚಿಯಲ್ಲಿ ಕೂತಿದ್ದ ನನಗೆ ಅದು ನಲವತ್ತೈದು ಎಂದು ಕಂಡಿತು. ಡಾಕ್ಟರ ಎದುರಿಗೇ ಕೂತಿದ್ದ ನನ್ನ ಮೊಮ್ಮಗ ಮಾತ್ರ ಪುಸ್ತಕವನ್ನು ಓರೆ ಮಾಡಿ ನೋಡಿ, ನೆಟ್ಟಗೆ ಮಾಡಿ ನೋಡಿ, "ಇದ್ರಲ್ಲಿ ಏನೂ ಬರ್ದೇ ಇಲ್ವಲ್ಲ" ಎಂದ.

ಡಾಕ್ಟರು ಇನ್ನೂ ನಾಲ್ಕಾರು ಪುಟ ತೋರಿಸಿದರು. ಆಮೇಲೆ ನನ್ನ ಮಗಳಿಗೆ ಹೇಳಿದರು: "ನಿಮ್ಮ ಮಗನಿಗೆ ಕೆಂಪು ನಮಗೆ ಕಂಡ ಹಾಗೆ ಕಾಣೋದಿಲ್ಲಮ್ಮ. ಕಪ್ಪಿನ ಹತ್ತಿರ ಹತ್ತಿರ ಕಾಣುತ್ತೆ. ಹುಟ್ಟಿನಿಂದ ಬಂದದ್ದು. ಮಿಕ್ಕಂತೆ ಕಣ್ಣು ಚೆನ್ನಾಗಿದೆ, ಹೆದರಬೇಡಿ. ಸಾಮಾನ್ಯವಾಗಿ ಇದು ತಾಯಿ ಕಡೆಯಿಂದ ಬರುತ್ತೆ."

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು! ಮಗಳ ಕಣ್ಣಲ್ಲಿ ನೀರು. ಅಳಿಯ ನೆಲ ನೋಡುತ್ತಾ ಕೂತ. ನನಗೋ, ಹೇಳಿದರೆ ನಗುತ್ತೀರಿ, ಎದ್ದು ಕುಣಿಯುವಷ್ಟು ಸಂತೋಷ. ಆರು ತಿಂಗಳಿಂದ ಸ್ಕೂಲಿನಲ್ಲಿ ನನ್ನ ಬಂಗಾರವನ್ನು ದಡ್ಡ ಎನ್ನುತ್ತಿದ್ದರು. ಟೊಮೆಟೊ ಹಣ್ಣಿಗೆ ಕಂದು ಬಳಿಯುತ್ತಾನೆ, ಎಲೆಗೂ ಅದನ್ನೇ ಬಳಿಯುತ್ತಾನೆ, ಹಟಮಾರಿ ಎಂದು ಚೀಟಿ ಬರುತ್ತಿತ್ತು. ಮಗು ದಡ್ಡನೂ ಅಲ್ಲ, ಹಟಮಾರಿಯೂ ಅಲ್ಲ. ಅವನಿಗೆ ಕಂಡದ್ದನ್ನು ಕಂಡ ಹಾಗೆ ಬಳಿದಿದ್ದಾನೆ, ಅಷ್ಟೇ. ಅವನನ್ನು ತೊಡೆಯ ಮೇಲೆ ಎಳೆದುಕೊಂಡು ಮುದ್ದಾಡಿದೆ. "ಇದೇನವ್ವ, ಡಾಕ್ಟ್ರ ಎದ್ರಿಗೆ ಇಂಗಾಡ್ತೀಯ" ಎಂದು ಮಗಳು ಗದರಿದಳು.

ಅವಳಿಗೇನು ಗೊತ್ತು... ನನ್ನ ಎದೆಯೊಳಗೆ ಹತ್ತಿರ ಹತ್ತಿರ ಮೂವತ್ತು ವರ್ಷದಿಂದ ಸಿಕ್ಕಾಗಿ ಕೂತಿದ್ದ ದಾರವೊಂದು ಅದೇ ಗಳಿಗೆಯಲ್ಲಿ ಸಡಿಲವಾಗಿತ್ತು. ಇದೇ ಮಾತನ್ನು ಒಬ್ಬರು ಒಂದು ಸಂಜೆ ಬಸ್ಸಿನಲ್ಲಿ ನನಗೆ ಹೇಳಿದ್ದರು. ನಾನು ನಂಬಿರಲಿಲ್ಲ.

ಅವರು ನಮ್ಮ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು.

ಆಗ ನಾವು ಪಾಂಡವಪುರದಲ್ಲಿ ಒಂದು ವಠಾರದಲ್ಲಿದ್ದೆವು. ತೊಂಬತ್ತೈದೋ, ತೊಂಬತ್ತಾರೋ ಇಸವಿ ಇರಬೇಕು. ಐದು ಮನೆಗೆ ಒಂದೇ ನಲ್ಲಿ. ನನ್ನ ಗಂಡ ಆಲೆಮನೆಯಲ್ಲಿ ಬೆಲ್ಲ ಅಚ್ಚು ಹೊಯ್ಯುವ ಕೆಲಸಕ್ಕೆ ಹೋಗುತ್ತಿದ್ದರು. ನಾನು ರೇಷ್ಮೆ ಮೊಟ್ಟೆ ತಯಾರು ಮಾಡುವ ಬಿತ್ತನೆ ಕೋಠಿಗೆ ಕೂಲಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಕೆಲಸವೆಂದರೆ ಗೂಡು ಕೊಯ್ದು ಒಳಗಿನ ಹುಳುವನ್ನು ತೆಗೆದು, ಬಾಲದ ಕಡೆ ತಿರುಗಿಸಿ ನೋಡಿ, ಗಂಡು ಹೆಣ್ಣು ಬೇರೆ ಮಾಡುವುದು. ಕತ್ತರಿಯ ಹಾಗೆ ಸಣ್ಣ ಗೆರೆ ಇದ್ದರೆ ಹೆಣ್ಣು, ಒಂದೇ ಚುಕ್ಕಿ ಇದ್ದರೆ ಗಂಡು. ಸಾಸಿವೆಗಿಂತ ಸಣ್ಣ ಗುರುತು. ಬೆಳಿಗ್ಗೆ ಕೂತರೆ ಮಧ್ಯಾಹ್ನದ ಹೊತ್ತಿಗೆ ತಟ್ಟೆಗಟ್ಟಲೆ ಬೇರೆ ಮಾಡಿ ಎಸೆಯುತ್ತಿದ್ದೆ. ಅವು ಚಿಟ್ಟೆಯಾಗಿ ಹೊರಗೆ ಬಂದ ಮೇಲೆ ಒಂದು ಗಂಡಿಗೆ ಒಂದು ಹೆಣ್ಣು ಜೋಡಿ ಕಟ್ಟಿ ತಟ್ಟೆಯಲ್ಲಿ ಬಿಡುತ್ತಿದ್ದೆವು. ಮೊದಲು ಬೇರೆ ಮಾಡುವುದು, ಕೊನೆಗೆ ಜೋಡಿ ಮಾಡುವುದು. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಇಷ್ಟೇ.

ಮೇಷ್ಟ್ರು ಹೈಸ್ಕೂಲಿನಲ್ಲಿ ಚಿತ್ರ ಹೇಳಿಕೊಡುತ್ತಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿಲ್ಲ. ರಿಟೈರಾಗಲು ಇನ್ನೊಂದು ವರ್ಷವೋ ಏನೋ ಇತ್ತು. ಅವರಿಗೊಂದು ಹುಚ್ಚಿತ್ತು. ಸ್ಕೂಲು ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ, ಬಂದ ಬಂದ ಬಸ್ಸಿನ ಮೂತಿಯ ಮುಂದೆ ಕೈಕಟ್ಟಿ ನಿಲ್ಲುವುದು. ದೇವರ ಮುಂದೆ ನಿಂತ ಹಾಗೆ! ಮಳೆಗಾಲ ಮುಗಿಯುವ ಹೊತ್ತಿಗೆ ಹೊಲದ ಬದುವಿನಲ್ಲಿ, ರಸ್ತೆಯ ಪಕ್ಕದಲ್ಲಿ ಚಿಟ್ಟೆಗಳು ರಾಶಿ ರಾಶಿ ಎದ್ದು, ಓಡುವ ಬಸ್ಸಿನ ಮುಂದಿನ ಜಾಲರಿಗೆ ಬಡಿದು ಸಿಕ್ಕಿಕೊಳ್ಳುತ್ತಿದ್ದವು. ಮೇಷ್ಟ್ರು ಅವನ್ನು ಚಿಮುಟದಲ್ಲಿ ಬಿಡಿಸಿ, ಹಳೇ ಪೇಪರಿನ ಮೂರುಮೂಲೆ ಪೊಟ್ಟಣದಲ್ಲಿ ಇಟ್ಟು, ಮೇಲೆ 'ನಾಗಮಂಗಲದ ಬಸ್ಸು', 'ಕೆ.ಆರ್. ಪೇಟೆ ಬಸ್ಸು', 'ಬಿಂಡಿಗನವಿಲೆಯಿಂದ ಬಂದದ್ದು' ಎಂದು ಬರೆಯುತ್ತಿದ್ದರು. ನಾಲ್ಕು ತಾಲೂಕಿನ ಚಿಟ್ಟೆಗಳು ಟಿಕೆಟ್ಟಿಲ್ಲದೆ ಪಾಂಡವಪುರಕ್ಕೆ ಬಂದಿಳಿಯುತ್ತಿದ್ದವು. ಡ್ರೈವರುಗಳಿಗೂ ರೂಢಿಯಾಗಿಹೋಗಿತ್ತು. "ಬನ್ನಿ ಮೇಷ್ಟ್ರೇ, ಇವತ್ತು ನಾಗಮಂಗ್ಲದಿಂದ ನಿಮ್ಗೆ ಆರು ಹೆಣ ತಂದಿವ್ನಿ" ಎಂದು ಕೂಗುತ್ತಿದ್ದರು.

ಒಂದು ಸಂಜೆ ನಲ್ಲಿಯ ಹತ್ತಿರ ನನ್ನನ್ನು ಕರೆದರು. "ಅಮ್ಮಾ, ನೀನು ಕೋಠಿಲಿ ಗುರುತು ನೋಡೋಳಲ್ವಾ? ನಂಗೊಂಚೂರು ನೋಡಿಕೊಡು ಬಾ." ಹೋದೆ. ಜಗಲಿಯ ಮೇಲೆ ಚಾಪೆ, ಚಾಪೆಯ ಮೇಲೆ ಪೊಟ್ಟಣಗಳು. ಒಂದೊಂದಾಗಿ ಬಿಚ್ಚಿ ಅವರು ಪಾಠ ಶುರುಮಾಡಿದರು.

ಅಬ್ಬಾ, ಎಂಥ ಕಣ್ಣು ಅವರದು! ಕಿತ್ತಳೆ ಬಣ್ಣದ ಎರಡು ಚಿಟ್ಟೆ ಮುಂದಿಟ್ಟರು. ನನಗೆ ಎರಡೂ ಒಂದೇ. "ಹಿಂದಿನ ರೆಕ್ಕೆ ನಡುಮಧ್ಯೆ ನೋಡು. ಇದ್ರಲ್ಲಿ ಮೂರು ನಾಕು ಕಪ್ಪು ಚುಕ್ಕಿ ಅವೆ. ಇದು ಅಸಲಿ. ಇದ್ರ ಮೈಯೆಲ್ಲ ಕಹಿ, ಹಕ್ಕಿ ಮುಟ್ಟಲ್ಲ. ಇನ್ನೊಂದ್ರಲ್ಲಿ ಆ ಚುಕ್ಕಿ ಇಲ್ಲ. ಅದು ವೇಷ ಹಾಕ್ಕೊಂಡು ಬದುಕೋದು" ಎಂದರು. ನೀಲಿ ಪಟ್ಟೆಯವು ಎರಡು ಇದ್ದವು. ಒಂದರ ಪಟ್ಟೆ ಅಗಲ, ಇನ್ನೊಂದರದು ಸಣ್ಣ. ಕೂದಲೆಳೆಯಷ್ಟು ವ್ಯತ್ಯಾಸ. ಅದನ್ನು ಮಾರು ದೂರದಿಂದಲೇ ಹೇಳುತ್ತಿದ್ದರು. ಇಂಥವರಿಗೆ ನನ್ನ ಸಹಾಯ ಯಾಕೆ ಬೇಕು ಎಂದು ನನಗೆ ತಿಳಿಯಲೇ ಇಲ್ಲ.

ಆಮೇಲೆ ಕರೀ ಚಿಟ್ಟೆಗಳ ಪೊಟ್ಟಣ ಬಿಚ್ಚಿದರು. ಹಿಂದಿನ ರೆಕ್ಕೆಗೆ ಬಾಲ, ನಡುವೆ ಬಿಳಿ ಮಚ್ಚೆ, ಅಂಚಿಗೆ ಕೆಂಪು ಚುಕ್ಕಿ. ಎಲ್ಲವೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿದ್ದವು. ಮೇಷ್ಟ್ರ ದನಿ ಸಣ್ಣದಾಯಿತು. "ಇದ್ರ ಹೊಟ್ಟೆ ಯಾವ ಬಣ್ಣ ಅದೆ, ಹೇಳು."

"ಕೆಂಪ್ಗದೆ."

"ಇದು?"

"ಕರ್ರಗದೆ."

"ನಿಜವಾಗ್ಲೂ?"

"ಅಯ್ಯೋ, ನನ್ಯಾಕೆ ಕೇಳ್ತೀರಿ ಮೇಷ್ಟ್ರೇ, ನಿಮ್ಮ ಮುಂದೇ ಅದಲ್ಲ!" ಎಂದೆ.

ಅವರು ನಕ್ಕು, ಎರಡು ಬಿಸ್ಕತ್ತಿನ ಡಬ್ಬಿ ಕೊಟ್ಟರು. ಕೆಂಪು ಹೊಟ್ಟೆಯದು ಒಂದರಲ್ಲಿ, ಕರೀ ಹೊಟ್ಟೆಯದು ಇನ್ನೊಂದರಲ್ಲಿ ಹಾಕಬೇಕು. ಆವತ್ತಿನಿಂದ ದಿನಾ ಸಂಜೆ ಅದೇ ಕೆಲಸ. ನಾನು ಕೇಳದಿದ್ದರೂ ಒಂದು ಮಾತು ಸೇರಿಸಿದರು: "ಯಾರ್ಗೂ ಹೇಳ್ಬೇಡಮ್ಮ. ನನ್ನ ಕೆಲಸ ಇನ್ನೊಬ್ರು ಮಾಡ್ತಾರೆ ಅಂತ ಗೊತ್ತಾದ್ರೆ ಚೆನ್ನಾಗಿರಲ್ಲ." ನಾನು ಹೂಂ ಎಂದೆ.

ನನಗೆ ಏನೂ ಅರ್ಥವಾಗಲಿಲ್ಲ. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೋ, ಕಣ್ಣಿಗೆ ಪೊರೆ ಬಂದಿದೆಯೋ? ಪೊರೆ ಬಂದವರು ಕೂದಲೆಳೆಯಷ್ಟು ಪಟ್ಟೆ ಹೇಗೆ ನೋಡುತ್ತಾರೆ? ಇನ್ನೂ ಕೆಲವು ವಿಚಿತ್ರಗಳಿದ್ದವು. ಸಂತೆಯಿಂದ ಕಾಯಿ ಟೊಮೆಟೊ ತರುತ್ತಿದ್ದರು. ಒಂದೆರಡು ಸಲ ನಾನೇ ಹಣ್ಣಾದದ್ದು ಬದಲಿಸಿ ಕೊಟ್ಟೆ. ತಮ್ಮ ಬಣ್ಣದ ಸೀಸೆಗಳಿಗೆಲ್ಲ ಆಯಾ ಬಣ್ಣದ ಹೆಸರಿನ ಚೀಟಿ ಅಂಟಿಸಿರುತ್ತಿದ್ದರು, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಜಿಪುಣ ಎಂದುಕೊಂಡಿದ್ದೆ. "ಏನಮ್ಮಿ, ಸತ್ತ ಚಿಟ್ಟೆಗೆ ಬಾಣಂತನ ಮಾಡೋಕ್ಕೆ ಹೊಂಟ್ಯಾ?" ಎಂದು ನನ್ನ ಗಂಡ ರೇಗಿಸುತ್ತಿದ್ದರು. ರೇಗಿಸಲಿ, ನನಗೆ ಹೆಮ್ಮೆ. ಓದಿದವರೊಬ್ಬರು ನನ್ನ ಕಣ್ಣು ಕೇಳಿದ್ದು ಅದೇ ಮೊದಲು.

ಶ್ರೀರಂಗಪಟ್ಟಣದ ಒಂದು ಸ್ಕೂಲಿನಲ್ಲಿ ವಸ್ತುಪ್ರದರ್ಶನ ಎಂದಾಯಿತು. ಸುತ್ತಲಿನ ತಾಲೂಕುಗಳ ಮೇಷ್ಟ್ರುಗಳೆಲ್ಲ ಬರುತ್ತಾರೆ. ನಮ್ಮ ಮೇಷ್ಟ್ರು ಗಾಜಿನ ಮುಚ್ಚಳದ ದೊಡ್ಡ ಪೆಟ್ಟಿಗೆ ಮಾಡಿಸಿದರು. ಒಂದೇ ಥರ ಕಾಣುವ ಚಿಟ್ಟೆಗಳನ್ನು ಅಕ್ಕಪಕ್ಕ ಇಟ್ಟು, ಎಡಕ್ಕೆ ಅಸಲಿ, ಬಲಕ್ಕೆ ವೇಷದ್ದು ಎಂದು ತೋರಿಸುವ ಆಸೆ. "ರಿಟೈರಾಗೋಕ್ಕೆ ಮುಂಚೆ ಇದೊಂದು ಮಾಡಿ, ಸ್ಕೂಲಲ್ಲಿ ಗೋಡೆಗೆ ಹಾಕಿ ಹೋಗ್ಬೇಕು ಕಣಮ್ಮ. ಚಿತ್ರದ ಮೇಷ್ಟ್ರಿಗೆ ಕಣ್ಣಿತ್ತು ಅಂತ ನಾಕು ಜನ ಅನ್ಬೇಕು" ಎಂದಿದ್ದರು. ಆ ಮಾತು ಯಾಕೆ ಹಾಗೆ ಹೇಳಿದರು ಎಂದು ಆಗ ತಿಳಿಯಲಿಲ್ಲ...

ಹಿಂದಿನ ದಿನ ಮೇಜು ಗೊತ್ತುಮಾಡಲು ಅವರು ಶ್ರೀರಂಗಪಟ್ಟಣಕ್ಕೆ ಹೋದರು. ಹೋಗುವಾಗ, ಕರೀ ಚಿಟ್ಟೆಗಳದ್ದು ಮಾತ್ರ ಬಾಕಿಯಿದೆ, ಕೆಂಪು ಹೊಟ್ಟೆಯವನ್ನು ಎಡಕ್ಕೆ, ಕರೀ ಹೊಟ್ಟೆಯವನ್ನು ಬಲಕ್ಕೆ ಸೂಜಿಯಲ್ಲಿ ಚುಚ್ಚಿಡು ಎಂದು ಹೇಳಿದರು.

ಡಬ್ಬಿ ಬಿಚ್ಚಿ ಕೂತೆ. ಕೂತವಳಿಗೆ ನಗು ಬಂತು. ರೆಕ್ಕೆ ಒಂದೇ, ಮಚ್ಚೆ ಒಂದೇ, ಹೊಟ್ಟೆಯ ಗುರುತು ಮಾತ್ರ ಬೇರೆ. ಅಂದರೆ ಏನು? ಒಂದು ಗಂಡು, ಒಂದು ಹೆಣ್ಣು! ಕೋಠಿಯಲ್ಲಿ ಇದೇ ಅಲ್ಲವೇ ನಾನು ದಿನಾ ಮಾಡುವುದು? ಇಷ್ಟು ದಿನ ಬೇರೆ ಮಾಡಿಸಿದ್ದೂ ಅದಕ್ಕೇ. ಕೊನೆಗೆ ಜೋಡಿ ಮಾಡಬೇಕು ಎನ್ನುವುದು ಪಾಪ ಒಂಟಿ ಗಂಡಸಿಗೆ ಎಲ್ಲಿ ಹೊಳೆಯಬೇಕು? ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಇಟ್ಟರೆ ನೋಡಿದವರು ಏನೆಂದಾರು! ಒಂದು ಕೆಂಪು, ಒಂದು ಕಪ್ಪು, ಒಂದು ಕೆಂಪು, ಒಂದು ಕಪ್ಪು ಎಂದು ಎಡಕ್ಕೂ ಬಲಕ್ಕೂ ಜೋಡಿ ಜೋಡಿಯಾಗಿ ಚುಚ್ಚಿಟ್ಟೆ. ಎಷ್ಟು ಮುದ್ದಾಗಿ ಕಂಡಿತೆಂದರೆ ದೃಷ್ಟಿ ತೆಗೆಯಬೇಕು ಅನ್ನಿಸಿತು.

ಮೇಷ್ಟ್ರು ಸಂಜೆ ಬಂದು ಪೆಟ್ಟಿಗೆಯ ಮೇಲೆ ಬಗ್ಗಿ ತುಂಬಾ ಹೊತ್ತು ನೋಡಿದರು. "ಚೆನ್ನಾಗಿ ಜೋಡ್ಸಿದ್ದೀಯ ತಾಯಿ" ಎಂದರು. ಎಡಕ್ಕೆ 'ಅಸಲಿ', ಬಲಕ್ಕೆ 'ವೇಷ' ಎಂದು ಚೀಟಿ ಅಂಟಿಸಿ ಗಾಜು ಮುಚ್ಚಿದರು. ಆ ಚೀಟಿ ಓದಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಜೋಡಿ ಅವರಿಗೂ ಒಪ್ಪಿಗೆಯಾಯಿತು ಎಂದುಕೊಂಡು ಕುಣಿಯುತ್ತಾ ಮನೆಗೆ ಬಂದೆ.

ಪೆಟ್ಟಿಗೆ ಅಲ್ಲಾಡದ ಹಾಗೆ ತೊಡೆಯ ಮೇಲಿಟ್ಟುಕೊಳ್ಳಲು ಒಬ್ಬರು ಬೇಕಿತ್ತು. ಕೋಠಿಗೆ ರಜಾ ಹಾಕಿ ನಾನೂ ಹೊರಟೆ. ಪ್ರದರ್ಶನದಲ್ಲಿ ನಮ್ಮ ಪೆಟ್ಟಿಗೆಯ ಮುಂದೆಯೇ ಹೆಚ್ಚು ಜನ. ಮೇಷ್ಟ್ರು ಕಿತ್ತಳೆ ಚಿಟ್ಟೆಯ ಚುಕ್ಕಿ, ನೀಲಿ ಪಟ್ಟೆಯ ಅಗಲ ಎಲ್ಲ ವಿವರಿಸಿ ಹೇಳುತ್ತಿದ್ದರೆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ಅವರ ಹೆಡ್ ಮೇಷ್ಟ್ರೂ ಬಂದು ಹೆಮ್ಮೆಯಿಂದ ಪಕ್ಕದಲ್ಲಿ ನಿಂತರು. ಅಷ್ಟರಲ್ಲಿ ಮೈಸೂರಿನ ಕಡೆಯಿಂದ ತೀರ್ಪು ಕೊಡಲು ಬಂದಿದ್ದ ಒಬ್ಬ ಕಾಲೇಜು ಮೇಡಂ ಕರೀ ಚಿಟ್ಟೆಗಳ ಮುಂದೆ ನಿಂತುಬಿಟ್ಟರು.

"ಸರ್, ಎಡಗಡೇಲೂ ಎರಡು ಜಾತಿ ಸೇರಿದೆ, ಬಲಗಡೇಲೂ ಸೇರಿದೆಯಲ್ಲ? ಮೈ ಕೆಂಪಗಿರೋದು ಅಸಲಿ. ಕಪ್ಪಗಿರೋದು ಅದರ ವೇಷ ಹಾಕಿರೋ ಬೇರೆ ಜಾತಿ ಹೆಣ್ಣು."

ಮೇಷ್ಟ್ರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆ ಮೇಡಂ ಮೆದುವಾಗಿಯೇ ಕೇಳಿದರು, "ಕೆಂಪು ಕಪ್ಪು ಅಷ್ಟು ಸ್ಪಷ್ಟವಾಗಿದೆಯಲ್ಲ ಸರ್, ಹೇಗೆ ತಪ್ಪಿತು?"

"ತಪ್ಪಾಗಿದೆ. ನನ್ನದೇ ತಪ್ಪು" ಎಂದರು ಮೇಷ್ಟ್ರು.

ಅಲ್ಲಿಗೆ ಮುಗಿದುಹೋಗುತ್ತಿತ್ತು. ಒಂದು ಪೆಟ್ಟಿಗೆಯಲ್ಲಿ ಒಂದು ತಪ್ಪು, ಯಾರು ನೆನಪಿಟ್ಟುಕೊಳ್ಳುತ್ತಿದ್ದರು? ಆದರೆ ನನಗೆ ತಡೆಯಲಾಗಲಿಲ್ಲ. ತಪ್ಪೇ ಮಾಡದವರು ತಪ್ಪು ಒಪ್ಪಿಕೊಂಡು ತಲೆ ತಗ್ಗಿಸಿದ್ದಾರಲ್ಲ ಎಂದು ಸಂಕಟವಾಯಿತು. ಜನರನ್ನು ತಳ್ಳಿಕೊಂಡು ಮುಂದೆ ಬಂದೆ.

"ಮೇಷ್ಟ್ರುದೇನೂ ತಪ್ಪಿಲ್ಲ ಕಣವ್ವಾ! ಗಂಡು ಹೆಣ್ಣು ಜೋಡಿ ಮಾಡಿದ್ದು ನಾನು. ಯಾವುದ್ರ ಹೊಟ್ಟೆ ಕೆಂಪು, ಯಾವುದ್ರದು ಕಪ್ಪು ಅಂತ ದಿನಾ ನಾನೇ ಹೇಳ್ಕೊಡೋದು. ನಾನು ಹೇಳ್ದಿದ್ರೆ ಬಣ್ಣ ಅವ್ರಿಗೆಲ್ಲಿ ತಿಳೀತದೆ!"

ಹೆಡ್ ಮೇಷ್ಟ್ರು ನಿಧಾನವಾಗಿ ತಿರುಗಿ, ಇಷ್ಟು ವರ್ಷ ಮಕ್ಕಳಿಗೆ ಬಣ್ಣ ಹೇಳಿಕೊಟ್ಟ ಮನುಷ್ಯನ ಮುಖ ನೋಡಿದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಮಾತ್ರ ಗೆದ್ದವಳ ಹಾಗೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ...

ಸಂಜೆಯ ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ, ಮೇಷ್ಟ್ರು ನನ್ನ ಹಿಂದಿನ ಸೀಟಿನಲ್ಲಿ. ಕಿರಂಗೂರು ದಾಟಿದ ಮೇಲೆ ಅವರು ಮುಂದಕ್ಕೆ ಬಗ್ಗಿ ಹೇಳಿದರು: "ನಂಗೆ ಕೆಂಪು ಅಂದ್ರೆ ಹೆಂಗಿರ್ತದೆ ಅಂತ್ಲೇ ಗೊತ್ತಿಲ್ಲ ತಾಯಿ. ಹುಟ್ಟಿದಾಗ್ಲಿಂದ. ಕಪ್ಪೂ ಅದೂ ನಂಗೆ ಒಂದೇ. ಸೀಸೆ ಮೇಲಿನ ಚೀಟಿ ಓದ್ಕೊಂಡು ಇಷ್ಟು ವರ್ಷ ತಳ್ಳಿದೆ."

ನಾನು ತಿರುಗಿ ನೋಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಇದೆಂಥ ಮಾತು? ಕಣ್ಣು ಕುರುಡಾಗಬಹುದು, ಮಂಜಾಗಬಹುದು, ಒಂದು ಬಣ್ಣ ಮಾತ್ರ ಕಾಣದೇ ಹೋಗುವುದುಂಟೇ? ನನ್ನ ತಪ್ಪು ಮುಚ್ಚಲು ಕಟ್ಟಿದ ಸುಳ್ಳೋ, ತಮ್ಮ ತಪ್ಪು ಮುಚ್ಚಲು ಕಟ್ಟಿದ್ದೋ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ. ಮಾರನೇ ದಿನ ಕೋಠಿಯಲ್ಲಿ ಜೊತೆಯವರನ್ನು ಕೇಳಿದರೆ, "ಕೆಂಪು ಕಾಣದ ಕಣ್ಣು ಎಲ್ಲಾರಾ ಉಂಟಾ? ನಿನ್ನ ಸಮಾಧಾನಕ್ಕೆ ಅಂದವ್ರೆ, ಸುಮ್ಕಿರು" ಎಂದರು. ನಾನೂ ಹಾಗೇ ಇರಬೇಕು ಎಂದುಕೊಂಡೆ. ಒಂದು ದಿನ ನಂಬುತ್ತಿದ್ದೆ, ಎರಡು ದಿನ ನಂಬುತ್ತಿರಲಿಲ್ಲ.

ಸುದ್ದಿ ಅವರ ಸ್ಕೂಲಿಗೆ ಅವರಿಗಿಂತ ಮೊದಲೇ ಮುಟ್ಟಿತ್ತು. ಹುಡುಗರು ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿಹಿಡಿದು, "ಸಾ, ಇದ್ಯಾವ ಬಣ್ಣ ಸಾ?" ಎಂದು ಕೇಳಲು ಶುರುಮಾಡಿದರಂತೆ. ಕೆಲವು ದಿನ ಹೋದರು. ಆಮೇಲೆ ರಜಾ ಬರೆದುಕೊಟ್ಟರು. ಆ ರಜಾ ರಿಟೈರಾಗುವವರೆಗೂ ಮುಗಿಯಲಿಲ್ಲ. ಪೆಟ್ಟಿಗೆ ಸ್ಕೂಲಿನ ಗೋಡೆಗೆ ಹೋಗಲಿಲ್ಲ. ಬಸ್ಸಿನ ಮುಂದೆ ನಿಲ್ಲುವುದನ್ನೂ ಬಿಟ್ಟರು. "ಯಾಕೆ ಮೇಷ್ಟ್ರು ಕಾಣೋದೇ ಇಲ್ಲ?" ಎಂದು ಡ್ರೈವರೊಬ್ಬರು ನನ್ನನ್ನು ಕೇಳಿದರು.

ಮೇಷ್ಟ್ರು ವಠಾರ ಬಿಟ್ಟು ಬೆಳಗೊಳದ ತಂಗಿಯ ಮನೆಗೆ ಹೊರಟ ದಿನ ನಾನು ಅವರ ಬಾಗಿಲಲ್ಲಿ ನಿಂತು ಅತ್ತೆ. "ಅಳ್ಬೇಡ ಕಣಮ್ಮ. ನನ್ನ ಕಡೆ ನಿಂತ್ಕೊಂಡು ಮಾತಾಡ್ದೋಳು ನೀನೊಬ್ಳೇ" ಎಂದರು. ಆಗಲಾದರೂ 'ನೀವು ಹೇಳಿದ್ದು ನಂಬಿದೆ ಮೇಷ್ಟ್ರೇ' ಎನ್ನಬೇಕಿತ್ತು. ಎನ್ನಲಿಲ್ಲ. ನಂಬಿಕೆ ಬಂದಿರಲಿಲ್ಲವಲ್ಲ... ಅವರು ನನ್ನ ಮುಖ ನೋಡಿದರು. ಬಣ್ಣ ಕಾಣದಿದ್ದರೂ ಅದು ಅವರಿಗೆ ಕಂಡಿರಬೇಕು. ನಾಲ್ಕೈದು ವರ್ಷದ ಮೇಲೆ ತೀರಿಕೊಂಡರು ಎಂದು ಯಾರೋ ಹೇಳಿದರು. ಅಷ್ಟು ಹತ್ತಿರದ ಊರು, ಒಂದು ಸಲವೂ ಹೋಗಿರಲಿಲ್ಲ.

ಡಾಕ್ಟರ ಹತ್ತಿರದಿಂದ ಬಂದ ಮಾರನೇ ದಿನ ಮೊಮ್ಮಗನ ಜೊತೆ ಅಂಗಳದಲ್ಲಿ ಕೂತಿದ್ದೆ. ಚೆಂಡುಹೂವಿನ ಪಾತಿಗೆ ಎರಡು ಕರೀ ಚಿಟ್ಟೆ ಬಂದಿದ್ದವು. ಅದೇ ಬಾಲ, ಅದೇ ಬಿಳಿ ಮಚ್ಚೆ. ಮಗುವಿಗೆ ತೋರಿಸಲೋ ಬೇಡವೋ, ತೋರಿಸಿದರೆ ನೊಂದುಕೊಳ್ಳುತ್ತದೋ ಎಂದು ಯೋಚಿಸುತ್ತಿದ್ದರೆ ಅವನೇ ಬೆರಳು ಚಾಚಿದ.

"ಅಜ್ಜಿ, ಅವೆರಡೂ ಬೇರೆ ಬೇರೆ ಕಣಜ್ಜಿ."

"ಹೆಂಗಪ್ಪ ಗೊತ್ತಾಯ್ತು? ಹೊಟ್ಟೆ ಕಾಣ್ತದಾ ನಿಂಗೆ?"

"ಹೊಟ್ಟೆ ಯಾರ್ ನೋಡಿದ್ರು? ಹಾರೋದು ನೋಡು. ಇದು ನಿನ್ನಂಗೆ, ನಿಧಾನಕ್ಕೆ ಓಲಾಡ್ಕೊಂಡು ಹೋಯ್ತದೆ. ಯಾರ್ಗೂ ಹೆದ್ರಲ್ಲ. ಅದು ನೋಡು, 'ಉಶ್' ಅಂದ್ರೆ ಸಾಕು, ಗಾಬ್ರಿ ಬಿದ್ದು ಓಡ್ತದೆ."

ಮೊಣಕಾಲು ಹಿಡಿದುಕೊಂಡು ಎದ್ದು, ಹೂವಿನ ಹತ್ತಿರ ಹೋಗಿ ಬಗ್ಗಿದೆ. ನಿಧಾನದ್ದು ಕೂತಿತು, ಹೊಟ್ಟೆ ಕೆಂಪು. ಗಾಬರಿಯದು ಸುತ್ತಿ ಸುತ್ತಿ ಬಂದು ಕೂತಿತು, ಹೊಟ್ಟೆ ಕಪ್ಪು. ಇನ್ನೊಂದು ಬಂತು, ಮಗು ದೂರದಿಂದಲೇ ಹೇಳಿದ, ಅದೂ ಸರಿ. ಆನಂದ ತಾಳಲಾರದೆ ಅವನ ಎರಡು ಕೆನ್ನೆಗೂ ಮುತ್ತು ಕೊಟ್ಟು, ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಮಗಳನ್ನು ಕೂಗಿ ಕರೆದೆ. ಕರೆದ ಮೇಲೆ ಮೇಷ್ಟ್ರು ನೆನಪಾದರು.

ಮೇಷ್ಟ್ರ ಕೈಗೆ ಬಂದದ್ದೆಲ್ಲ ಸತ್ತ ಚಿಟ್ಟೆಗಳೇ. ಅಷ್ಟು ಸೂಕ್ಷ್ಮದ ಕಣ್ಣಿನ ಮನುಷ್ಯ ಒಂದೇ ಒಂದು ಮಧ್ಯಾಹ್ನ ಯಾವುದಾದರೂ ಹೊಲದ ಬದುವಿನಲ್ಲಿ ಕೂತು ಹಾರುವುದನ್ನು ನೋಡಿದ್ದರೆ, ಕೆಂಪೂ ಬೇಕಿರಲಿಲ್ಲ, ಕಪ್ಪೂ ಬೇಕಿರಲಿಲ್ಲ, ನಾನೂ ಬೇಕಿರಲಿಲ್ಲ. ಅದನ್ನು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಈಗ ಹೇಳುವವನು ಹುಟ್ಟಿದ್ದಾನೆ, ಆರು ವರ್ಷ ವಯಸ್ಸು, ಮುಂದಿನ ಎರಡು ಹಲ್ಲು ಬಿದ್ದಿವೆ. ಕೇಳಿಸಿಕೊಳ್ಳಬೇಕಾದವರು ಇಲ್ಲ.